ಪಶ್ಚಿಮ ದಂಡೆಯ ಜಮೀನು ‘ಸರ್ಕಾರಿ’ ಆದದ್ದು ಹೇಗೆ?

ಪಶ್ಚಿಮ ದಂಡೆಯಲ್ಲಿ ಎದ್ದ ಇಸ್ರೇಲಿನ ಯಹೂದಿ ವಸಾಹತುಗಳ ಬಗ್ಗೆ ಓದುವಾಗ ನಾವು ಸಾಮಾನ್ಯವಾಗಿ, ಇಸ್ರೇಲ್ ಆ ಪ್ರದೇಶವನ್ನು ಜೋರ್ಡಾನಿನಿಂದ ವಶಪಡಿಸಿಕೊಂಡ 1967ರ ಯುದ್ಧದಿಂದ ಶುರುಮಾಡಿ ನೇರವಾಗಿ ವಿಶ್ವಸಂಸ್ಥೆಯ ನಿರ್ಣಯಗಳಿಗೆ ಬಂದುಬಿಡುತ್ತೇವೆ. ಗುಡ್ಡದ ಮೇಲೆ ಮನೆಗಳು ಏಳುವ ಮೊದಲು ಆ ಗುಡ್ಡ ಯಾರದ್ದಾಗಿತ್ತು, ಅದನ್ನು ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ನನ್ನ ಓದಿನಲ್ಲಿ ಇಡೀ ವಿವಾದದ ಕೀಲಿ ಇರುವುದು ಅಲ್ಲಿಯೇ. ಆದ್ದರಿಂದ ಈ ಟಿಪ್ಪಣಿಯ ಹೆಚ್ಚಿನ ಭಾಗ ಭೂದಾಖಲೆಯ ಬಗ್ಗೆಯೇ ಇದೆ.

1858ರ ಕಾನೂನು

ಆಗ ಈ ನಾಡನ್ನು ಆಳುತ್ತಿದ್ದ ಒಟ್ಟೋಮನ್ (ತುರ್ಕಿ) ಸಾಮ್ರಾಜ್ಯ 1858ರಲ್ಲಿ ತಂದ ಭೂ ಸಂಹಿತೆ ನೆಲವನ್ನು ಐದು ಬಗೆಯಾಗಿ ವಿಂಗಡಿಸಿತು. ನಮಗೆ ಇಲ್ಲಿ ಮೂರು ಸಾಕು. ‘ಮುಲ್ಕ್’ ಎಂದರೆ ಪೂರ್ಣ ಖಾಸಗಿ ಸ್ವತ್ತು. ಹೆಚ್ಚಾಗಿ ಊರೊಳಗಿನ ಮನೆ, ಹಿತ್ತಲು. ‘ಮಿರಿ’ ಎಂದರೆ ಊರ ಸುತ್ತಲಿನ ಸಾಗುವಳಿ ಭೂಮಿ. ಇದರ ಮೂಲ ಒಡೆತನ ರಾಜ್ಯದ್ದೇ ಆದರೂ ಹತ್ತು ವರ್ಷ ಉತ್ತು ಬಿತ್ತಿದ ರೈತನಿಗೆ ಹಕ್ಕು ಸಿಗುತ್ತಿತ್ತು, ಅದು ಮಕ್ಕಳಿಗೂ ದಾಟುತ್ತಿತ್ತು. ಸಕಾರಣವಿಲ್ಲದೆ ಮೂರು ವರ್ಷ ಬೀಳು ಬಿಟ್ಟರೆ ಆ ಹಕ್ಕು ತಪ್ಪಿಹೋಗಬಹುದಿತ್ತು. ‘ಮವಾತ್’ ಎಂದರೆ ಊರಂಚಿನಲ್ಲಿ ನಿಂತು ಕೂಗಿದರೂ ಕೇಳಿಸದಷ್ಟು ದೂರದ ಬಂಜರು.

ಈ ಕಾನೂನಿನ ಉದ್ದೇಶವನ್ನು ಮರೆಯಬೇಡಿ: ನೆಲ ಉಳುಮೆಯಲ್ಲಿರಬೇಕು, ಕಂದಾಯ ಬರುತ್ತಿರಬೇಕು.

ಹೆಸರು ಬರೆಸಿದರೆ ತೆರಿಗೆ ಏರುತ್ತದೆ, ಗಂಡುಮಕ್ಕಳನ್ನು ಸೈನ್ಯಕ್ಕೆ ಎಳೆದೊಯ್ಯುತ್ತಾರೆ ಎಂಬ ಭಯದಿಂದ ಬಹಳಷ್ಟು ರೈತರು ನೋಂದಣಿಯಿಂದ ದೂರ ಉಳಿದರು. ಮುಂದೆ ಬ್ರಿಟಿಷರು, ಅವರ ನಂತರ ಜೋರ್ಡಾನ್, ಕ್ರಮಬದ್ಧ ಸರ್ವೇ ನಡೆಸಿದರೂ 1967ರ ಹೊತ್ತಿಗೆ ಪಶ್ಚಿಮ ದಂಡೆಯ ಸುಮಾರು ಮೂರನೇ ಒಂದು ಭಾಗವಷ್ಟೇ ದಾಖಲಾಗಿತ್ತು. 1968ರ ಡಿಸೆಂಬರಿನಲ್ಲಿ ಇಸ್ರೇಲಿ ಸೇನೆಯ 291ನೇ ಆದೇಶ ಆ ಕೆಲಸವನ್ನು ನಿಲ್ಲಿಸಿತು. ಉಳಿದ ನೆಲಕ್ಕೆ ತೆರಿಗೆ ರಸೀದಿ, ನೆರೆಹೊರೆಯವರ ಸಾಕ್ಷಿ, ಕಣ್ಣಿಗೆ ಕಾಣುವ ಸಾಗುವಳಿ ಇವಿಷ್ಟೇ ಆಧಾರ. ಪಹಣಿಯೇ ಇಲ್ಲದ ಊರಿನಲ್ಲಿ ಜಮೀನಿನ ತಕರಾರು ಎದ್ದರೆ ಏನಾಗಬಹುದೆಂದು ಯೋಚಿಸಿದರೆ ಇದರ ತೂಕ ತಿಳಿಯುತ್ತದೆ.

ಎಲೋನ್ ಮೋರೆ ಪ್ರಕರಣ, 1979

ಒಂದೇ ಒಂದು ಪ್ರಕರಣವನ್ನು ಆಳವಾಗಿ ಓದುವುದಾದರೆ ಇದನ್ನೇ ಓದಿ. ಮೊದಲ ದಶಕದಲ್ಲಿ ಹಲವು ವಸಾಹತುಗಳು ‘ಸೇನಾ ಅಗತ್ಯ’ದ ಹೆಸರಿನಲ್ಲಿ ವಶಪಡಿಸಿಕೊಂಡ ಖಾಸಗಿ ಜಮೀನಿನ ಮೇಲೆ ಎದ್ದವು. ಬೇತ್ ಎಲ್ ಎಂಬ ವಸಾಹತಿನ ಪ್ರಕರಣದಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿಯೂ ಇತ್ತು. 1979ರ ಜೂನ್‌ನಲ್ಲಿ ಎಲೋನ್ ಮೋರೆ ಎಂಬ ವಸಾಹತಿಗಾಗಿ ನಾಬ್ಲುಸ್ ಬಳಿಯ ರುಜೀಬ್ ಗ್ರಾಮದ ಜಮೀನನ್ನು ಇದೇ ರೀತಿ ವಶಪಡಿಸಿಕೊಂಡಾಗ ಅಲ್ಲಿನ ಭೂಮಾಲೀಕರು ಕೋರ್ಟಿಗೆ ಹೋದರು.

ಪ್ರಕರಣ ತಿರುಗಿದ್ದು ಅಚ್ಚರಿಯ ರೀತಿಯಲ್ಲಿ. ಈ ನೆಲೆ ಭದ್ರತೆಗೆ ಬೇಕೆಂದು ಸೇನಾ ಮುಖ್ಯಸ್ಥ ರಫಾಯೆಲ್ ಏತಾನ್ ಹೇಳಿದರೆ, ಮಾಜಿ ಮುಖ್ಯಸ್ಥ ಹೈಮ್ ಬಾರ್-ಲೆವ್ ಅದರಿಂದ ಭದ್ರತೆಗೆ ಯಾವ ಪ್ರಯೋಜನವೂ ಇಲ್ಲವೆಂದು ಪ್ರಮಾಣಪತ್ರ ಸಲ್ಲಿಸಿದರು. ವಸಾಹತುಗಾರರಂತೂ ತಾವು ಬಂದಿರುವುದು ತಾತ್ಕಾಲಿಕ ಭದ್ರತೆಗಲ್ಲ, ದೇವರು ಕೊಟ್ಟ ನಾಡಿನಲ್ಲಿ ಶಾಶ್ವತವಾಗಿ ನೆಲೆಸಲು ಎಂದು ಮುಚ್ಚುಮರೆಯಿಲ್ಲದೆ ಬರೆದುಕೊಟ್ಟರು. ಸೇನಾಡಳಿತವೇ ತಾತ್ಕಾಲಿಕವಾಗಿರುವಾಗ ಅದರ ಅಧಿಕಾರದಿಂದ ಶಾಶ್ವತ ನೆಲೆ ಕಟ್ಟಲಾಗದು ಎಂದ ಕೋರ್ಟ್, ಅಕ್ಟೋಬರಿನಲ್ಲಿ ಜಮೀನನ್ನು ಬಿಡಿಸಿಕೊಟ್ಟಿತು. ಆ ಗ್ರಾಮಸ್ಥರು ನಿಜಕ್ಕೂ ಗೆದ್ದರು. ಆದರೆ ವಸಾಹತು ಹತ್ತಿರದ ಇನ್ನೊಂದು ಬೆಟ್ಟಕ್ಕೆ ಸ್ಥಳಾಂತರಗೊಂಡಿತು, ಸರ್ಕಾರ ಹೊಸ ದಾರಿ ಹುಡುಕಿಕೊಂಡಿತು.

ಬೀಳು ನೆಲದ ಲೆಕ್ಕ

ಆ ದಾರಿಯೇ 1858ರ ಸಂಹಿತೆ. ಖಾಸಗಿ ಜಮೀನು ಬೇಡವೆಂದಾದರೆ ‘ಸರ್ಕಾರಿ’ ಜಮೀನು ಹುಡುಕಬೇಕು. ಸರ್ಕಾರಿ ವಕೀಲೆ ಪ್ಲಿಯಾ ಆಲ್ಬೆಕ್ ಅವರ ಮುಂದಾಳತ್ವದಲ್ಲಿ ಹೆಲಿಕಾಪ್ಟರಿನಿಂದಲೂ ವೈಮಾನಿಕ ಚಿತ್ರಗಳಿಂದಲೂ ಗುಡ್ಡಗಳನ್ನು ಪರಿಶೀಲಿಸಲಾಯಿತು. ನೋಂದಣಿಯಾಗದ, ಸಾಗುವಳಿ ಕಾಣದ ತುಂಡುಗಳನ್ನು ಸರ್ಕಾರಿ ಎಂದು ಘೋಷಿಸಲಾಯಿತು. ಒಂದು ತುಂಡಿನ ಅರ್ಧದಷ್ಟಾದರೂ ಉಳುಮೆಯಾಗಿರಬೇಕು ಎಂಬ ಮಾನದಂಡವೂ ಬಂದಿತು. ಬಂಡೆಗಳ ನಡುವೆ ಸಿಕ್ಕ ಮಣ್ಣಿನಲ್ಲಿ ಆಲಿವ್ ನೆಡುವ ಬೆಟ್ಟಗಾಡಿನಲ್ಲಿ ಈ ಅಳತೆ ಮುಟ್ಟುವುದು ಎಷ್ಟು ಕಷ್ಟವೆಂದು ಯಾವ ರೈತನೂ ಹೇಳಬಲ್ಲ. ಆಕ್ಷೇಪಣೆಗೆ 45 ದಿನಗಳ ಗಡುವು. ಹೋಗಬೇಕಾದದ್ದು ಸೇನೆಯದೇ ಮೇಲ್ಮನವಿ ಸಮಿತಿಗೆ. ಹಕ್ಕನ್ನು ಸಾಬೀತುಪಡಿಸುವ ಹೊಣೆಯೂ ರೈತನದೇ.

ಹೀಗೆ ಘೋಷಣೆಯಾದದ್ದು 9 ಲಕ್ಷ ದುನಂಗೂ ಹೆಚ್ಚು. ಒಂದು ದುನಂ ಎಂದರೆ 1,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 10 ಗುಂಟೆ. ಕಂದಾಯಕ್ಕಾಗಿ, ಉಳುವವನನ್ನು ನೆಲದಲ್ಲಿ ಉಳಿಸುವುದಕ್ಕಾಗಿ ಬರೆದ ನಿಯಮವನ್ನು ಉಳುವವನಿಂದ ನೆಲ ಬಿಡಿಸಲು ಬಳಸಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಸರ್ಕಾರಿ ನೆಲವಾದರೂ ಅಲ್ಲಿನ ಜನರೆಲ್ಲರಿಗೂ ಸಿಗಬೇಕಲ್ಲವೇ ಎಂದು ಕೇಳಬಹುದು. 2018ರಲ್ಲಿ ಮಾಹಿತಿ ಹಕ್ಕಿನಡಿ ಇಸ್ರೇಲಿ ಆಡಳಿತವೇ ನೀಡಿದ ಅಂಕಿಗಳ ಪ್ರಕಾರ, ಹಂಚಿಕೆಯಾದ ಸರ್ಕಾರಿ ನೆಲದಲ್ಲಿ ಪ್ಯಾಲೆಸ್ಟೀನಿಯರಿಗೆ ದಕ್ಕಿದ್ದು ಶೇ 0.24 ಮಾತ್ರ.

ಅಂತರರಾಷ್ಟ್ರೀಯ ಕಾನೂನು

ಇದು ಎಲ್ಲೆಡೆ ಸಿಗುವ ವಿಷಯವಾದ್ದರಿಂದ ಚುಟುಕಾಗಿ ಹೇಳುತ್ತೇನೆ. ಆಕ್ರಮಿತ ಪ್ರದೇಶಕ್ಕೆ ತನ್ನ ನಾಗರಿಕರನ್ನು ವರ್ಗಾಯಿಸಬಾರದು ಎನ್ನುವುದು ನಾಲ್ಕನೇ ಜಿನೀವಾ ಒಪ್ಪಂದದ 49ನೇ ವಿಧಿ. ಇಸ್ರೇಲಿನ ವಾದವನ್ನೂ ಓದಲೇಬೇಕು: 1950ರಲ್ಲಿ ಜೋರ್ಡಾನ್ ಮಾಡಿಕೊಂಡ ಸೇರ್ಪಡೆಯನ್ನು ಹೆಚ್ಚಿನ ದೇಶಗಳು ಒಪ್ಪಿರಲಿಲ್ಲ, ಆದ್ದರಿಂದ ಇದು ಆಕ್ರಮಿತವಲ್ಲ, ‘ವಿವಾದಿತ’ ಪ್ರದೇಶ, ಅಲ್ಲಿಗೆ ಹೋದವರು ಸ್ವಇಚ್ಛೆಯಿಂದ ಹೋದವರು, ಗುಶ್ ಎತ್ಸಿಯೋನ್‌ನಂತಹ ಕಡೆ 1948ಕ್ಕೆ ಮೊದಲೇ ಯಹೂದಿಗಳು ಕೊಂಡ ಜಮೀನಿತ್ತು. ಕೊನೆಯದು ನಿಜವಾದ ಸಂಗತಿ. ಆದರೆ ಇಸ್ರೇಲಿನ ವಿದೇಶಾಂಗ ಸಚಿವಾಲಯದ ಕಾನೂನು ಸಲಹೆಗಾರ ಥಿಯೋಡರ್ ಮೆರಾನ್ ಅವರೇ 1967ರಲ್ಲಿ, ನಾಗರಿಕ ವಸಾಹತು ಜಿನೀವಾ ಒಪ್ಪಂದಕ್ಕೆ ವಿರುದ್ಧವೆಂದು ಗೋಪ್ಯ ಟಿಪ್ಪಣಿ ಬರೆದಿದ್ದರು. ಅಂತರರಾಷ್ಟ್ರೀಯ ನ್ಯಾಯಾಲಯವೂ 2004ರಲ್ಲಿ ಮತ್ತು 2024ರ ಜುಲೈ 19ರಂದು ಅದೇ ನಿಲುವಿಗೆ ಬಂದಿತು.

ಪೂರ್ವ ಜೆರುಸಲೇಂ ಬೇರೆ ಅಧ್ಯಾಯ

ಇಲ್ಲಿ ಇಸ್ರೇಲ್ ತನ್ನ ನಾಗರಿಕ ಕಾನೂನನ್ನೇ ಅನ್ವಯಿಸಿದೆ. 1948ರಲ್ಲಿ ನಗರ ಇಬ್ಭಾಗವಾದಾಗ ಪೂರ್ವದಲ್ಲಿ ಯಹೂದಿಗಳು, ಪಶ್ಚಿಮದಲ್ಲಿ ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. 1970ರ ಕಾಯ್ದೆಯಡಿ ಯಹೂದಿಗಳು ಪೂರ್ವದ ಹಳೆಯ ಸ್ವತ್ತನ್ನು ಮರಳಿ ಕೇಳಬಹುದು. 1950ರ ಗೈರುಹಾಜರಿ ಆಸ್ತಿ ಕಾಯ್ದೆಯಿಂದಾಗಿ ಪ್ಯಾಲೆಸ್ಟೀನಿಯರು ಪಶ್ಚಿಮದ ಮನೆಯನ್ನು ಕೇಳುವಂತಿಲ್ಲ. ಪೂರ್ವ ಜೆರುಸಲೇಂನ ಶೇಖ್ ಜರ್ರಾ ಬಡಾವಣೆಯಲ್ಲಿ 1956ರಲ್ಲಿ ನೆಲೆ ಪಡೆದ 28 ನಿರಾಶ್ರಿತ ಕುಟುಂಬಗಳ ಮೇಲಿನ ತೆರವು ಮೊಕದ್ದಮೆಗಳ ಬೇರು ಈ ಅಸಮಾನತೆಯಲ್ಲಿದೆ.

ಈಗ ಗಮನಿಸಬೇಕಾದದ್ದು

ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವಿನ 1995ರ ಓಸ್ಲೋ ಒಪ್ಪಂದ ಇಸ್ರೇಲಿನ ಪೂರ್ಣ ಹಿಡಿತದಲ್ಲಿ ಉಳಿಸಿದ ಭಾಗವೇ ‘ಸಿ’ ವಲಯ. ಈಗ ಅದು ಪಶ್ಚಿಮ ದಂಡೆಯ ಸುಮಾರು ಶೇ 60ರಷ್ಟಿದೆ. ಪೂರ್ವ ಜೆರುಸಲೇಂ ಬಿಟ್ಟರೆ ಬಹುತೇಕ ಎಲ್ಲ ವಸಾಹತುಗಳೂ ಇರುವುದು ಅಲ್ಲಿಯೇ. 2025ರ ಮೇ ತಿಂಗಳಲ್ಲಿ ಇಸ್ರೇಲಿನ ಭದ್ರತಾ ಸಂಪುಟ, 1968ರಲ್ಲಿ ನಿಲ್ಲಿಸಿದ ಭೂನೋಂದಣಿಯನ್ನು ಈ ವಲಯದಲ್ಲಿ ಮತ್ತೆ ಆರಂಭಿಸಲು ತೀರ್ಮಾನಿಸಿತು. ಕೇಳಲು ಒಳ್ಳೆಯ ಆಡಳಿತ ಕ್ರಮದಂತೆಯೇ ಇದೆ. ಆದರೆ ಕ್ರಮಬದ್ಧ ನೋಂದಣಿ ಒಮ್ಮೆ ಮುಗಿದರೆ ಮತ್ತೆ ತಕರಾರು ಎತ್ತುವುದು ಬಹುತೇಕ ಅಸಾಧ್ಯ. ಕಾಗದವಿಲ್ಲದವರು, 1967ರ ನಂತರ ಹೊರದೇಶದಲ್ಲೇ ಉಳಿದ ವಾರಸುದಾರರು ಆ ಪ್ರಕ್ರಿಯೆಯಲ್ಲಿ ಹಕ್ಕು ಸಾಧಿಸುವುದು ಬಹಳ ಕಷ್ಟ. ಮುಂದೆ ‘ಸಿ’ ವಲಯದ ಸರ್ವೇ ಬಗ್ಗೆ ಸುದ್ದಿ ಕಂಡಾಗ ಎಷ್ಟು ದುನಂ ಎಂಬುದರ ಜೊತೆಗೆ, ಸಾಕ್ಷ್ಯದ ಹೊಣೆ ಯಾರ ಮೇಲಿದೆ, ಆಕ್ಷೇಪಣೆ ಕೇಳುವವರು ಯಾರು ಎಂಬುದನ್ನೂ ಹುಡುಕಿ ಓದಿ.