ಗೊತ್ತಿದ್ದೂ ಮುಗ್ಗರಿಸುವ ಕಾಲು

ಮುಂಬೈನ ಲೋಕಲ್ ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಬಂದ್ ಇದ್ದಾಗ ಹತ್ತುವವರನ್ನು ಸುಮ್ನೆ ನೋಡಿ. ನಿಂತಿದೆ ಅಂತ ಕಣ್ಣಿಗೆ ಕಾಣುತ್ತದೆ. ಆದರೂ ಕಾಲಿಟ್ಟ ಕೂಡಲೇ ಎಷ್ಟೋ ಜನರ ಮೈ ಮುಂದಕ್ಕೆ ವಾಲುತ್ತದೆ. "ಗೊತ್ತಿದ್ದೂ ಮುಗ್ಗರಿಸ್ತೇವಲ್ಲ ಮಾರಾಯ್ರೆ!" ಅಂತ ಮಾಟುಂಗದ ಗೆಳೆಯರೊಬ್ಬರು ಗೊಣಗಿದರು. ಒಳ್ಳೆಯ ಪ್ರಶ್ನೆ.

2003ರಲ್ಲಿ ಲಂಡನ್ನಿನ ಸಂಶೋಧಕರಾದ ರೆನಾಲ್ಡ್ಸ್ ಮತ್ತು ಬ್ರಾನ್‌ಸ್ಟೈನ್ ಇದನ್ನೇ ಲ್ಯಾಬಿನಲ್ಲಿ ಮಾಡಿ ನೋಡಿದರು. ಚಲಿಸುವ ಹಲಗೆ ಹತ್ತುವುದನ್ನು ರೂಢಿ ಮಾಡಿಸಿದರು. ಆಮೇಲೆ, ಇನ್ನು ಇದು ಅಲುಗಲ್ಲ ಅಂತ ಬಿಡಿಸಿ ಹೇಳಿದರು. ಆದರೂ ಜನ ಮೊದಲಿನಂತೆಯೇ ಬಿರುಸಾಗಿ ಹತ್ತಿದರು, ಮೈ ವಾಲಿಯೇ ವಾಲಿತು.

ಕಾರಣ, ಮುಂದೇನು ಅಂತ ಮಿದುಳು ಮೊದಲೇ ಊಹಿಸಿರುತ್ತದೆ. 19ನೇ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೀಗೆ ಯೋಚಿಸಿದ್ದರು. 1999ರಲ್ಲಿ ಸಂಶೋಧಕರಾದ ರಾಜೇಶ್ ರಾವ್ ಮತ್ತು ಡಾನಾ ಬಲ್ಲಾರ್ಡ್ ನಮ್ಮ ನೋಟಕ್ಕೆ ಇದನ್ನೇ ಗಣಿತವಾಗಿ ಬರೆದರು. ಮಿದುಳಿನ ಮೇಲಿನ ಪದರ ಕೆಳಗಿನದಕ್ಕೆ ಊಹೆ ಕಳಿಸುತ್ತದೆ. ಕೆಳಗಿನಿಂದ ವಾಪಸ್ ಹೋಗುವುದು ಊಹೆ ತಪ್ಪಿದ್ದೆಷ್ಟು ಅನ್ನುವುದು ಮಾತ್ರ.

ಎಲ್ಲ ತಪ್ಪಿಗೂ ಒಂದೇ ಬೆಲೆ ಇಲ್ಲ, ಸೊಗಸು ಇರುವುದು ಇಲ್ಲೇ. ಗಾಡಿ 10 ನಿಮಿಷಕ್ಕೆ ಬರುತ್ತದೆ ಅಂದುಕೊಂಡಿದ್ದೀರಿ. ಇಂಡಿಕೇಟರ್ 20 ಅನ್ನುತ್ತದೆ. ವ್ಯತ್ಯಾಸ 10. ಇಂಡಿಕೇಟರನ್ನು ಜಾಸ್ತಿ ನಂಬುವವರು ಅದಕ್ಕೆ 0.8 ತೂಕ ಕೊಟ್ಟರೆ ಹೊಸ ಊಹೆ 18 ನಿಮಿಷ. ನಂಬದವರು 0.2 ಕೊಟ್ಟರೆ 12. ಹಳೇ ಊಹೆಗೆ ತಪ್ಪಿನ ಒಂದು ಪಾಲು ಸೇರಿಸುವುದು, ಅಷ್ಟೇ. ನರವಿಜ್ಞಾನಿ ಕಾರ್ಲ್ ಫ್ರಿಸ್ಟನ್ ಇಂಥ ಲೆಕ್ಕವನ್ನು ಜೀವಿಗಳ ಇಡೀ ಬದುಕಿಗೇ ಹಬ್ಬಿಸಿದ್ದಾರೆ. ನನಗೆ ಅದು ಸ್ವಲ್ಪ ಅತಿ ಅನ್ನಿಸುತ್ತದೆ.

ಹಾಗಾದರೆ ಪ್ರಜ್ಞೆ ಅಂದರೆ ಈ ಊಹೆಯೇನಾ? ನರವಿಜ್ಞಾನಿ ಅನಿಲ್ ಸೇಠ್ ಅಂಥವರು ನಾವು ಕಾಣುವ ಜಗತ್ತೇ ಹಿಡಿತದಲ್ಲಿರುವ ಭ್ರಮೆ, ಅಂದರೆ ಕಣ್ಣು ಕಿವಿಗಳು ತಿದ್ದುತ್ತಿರುವ ಮಿದುಳಿನ ಊಹೆ ಅನ್ನುತ್ತಾರೆ. ನನ್ನ ತಕರಾರು ಕಾಲಿನದು. ಕಾಲಿನ ಊಹೆ ನಮಗೆ ಗೊತ್ತಾಗದೆಯೇ ನಡೆಯಿತು, ನಮಗೆ ಗೊತ್ತಿದ್ದದ್ದು ಕಾಲಿಗೆ ತಲುಪಲೇ ಇಲ್ಲ. ಪ್ರಜ್ಞೆ ಇಲ್ಲದೆಯೂ ಊಹೆ ನಡೆಯುತ್ತದೆ, ಅಲ್ವಾ?

ಪ್ರಜ್ಞೆಯನ್ನು ವಿವರಿಸಲು ನರವಿಜ್ಞಾನಿ ಜೂಲಿಯೊ ಟೊನೋನಿ 2004ರಲ್ಲಿ ಬೇರೆ ದಾರಿ ಹಿಡಿದರು. ಭಾಗಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸಿಗದ ಎಷ್ಟು ಮಾಹಿತಿ ಒಟ್ಟಿನಲ್ಲಿದೆ ಅನ್ನುವುದಕ್ಕೆ 'ಫೈ' ಅನ್ನುವ ಅಳತೆ ಕೊಟ್ಟರು; ಅದು ಹೆಚ್ಚಿದ್ದಷ್ಟೂ ಪ್ರಜ್ಞೆ ಹೆಚ್ಚು ಅನ್ನುವುದು ಅವರ ಸಿದ್ಧಾಂತ. ತೊಂದರೆ ಏನೆಂದರೆ, ಭಾಗಗಳು ಹೆಚ್ಚಿದಂತೆ ಅವನ್ನು ಬಿಡಿಸುವ ಬಗೆಗಳು ಬೆಳೆಯುತ್ತಲೇ ಹೋಗುತ್ತವೆ. ಇಡೀ ಮಿದುಳಿಗೆ ಲೆಕ್ಕ ಹಾಕಲು ಯಾವ ಕಂಪ್ಯೂಟರಿಗೂ ಆಗದು.

ಈ ಸಿದ್ಧಾಂತದ ಪರ ಇರುವ ನರವಿಜ್ಞಾನಿ ಕ್ರಿಸ್ಟೋಫ್ ಕಾಖ್, ಪ್ರಜ್ಞೆಯ ನರಮೂಲ, ಅಂದರೆ ಮಿದುಳಿನಲ್ಲಿ ಪ್ರಜ್ಞೆಗೆ ಕಾರಣವಾದ ನರಕೋಶಗಳ ಚಟುವಟಿಕೆ, 25 ವರ್ಷದಲ್ಲಿ ಸಿಗುತ್ತದೆ ಅಂತ 1998ರಲ್ಲಿ ತತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಬಾಜಿ ಕಟ್ಟಿದ್ದರು. 2023ರಲ್ಲಿ ಸೋಲೊಪ್ಪಿ ವೈನ್ ಕೊಟ್ಟರು.