ಗಾಜಿನ ಕಂಠಕ್ಕೆ ಬೆರಳು ಸೋಕಿಸಿದವರು

1791ರ ಆಗಸ್ಟ್ 19ರಂದು ವಿಯೆನ್ನಾದ ರಂಗಮಂದಿರವೊಂದರಲ್ಲಿ ಇಪ್ಪತ್ತೆರಡರ ಹರೆಯದ ಮರಿಯಾನ್ನೆ ಕಿರ್ಚ್‌ಗೆಸ್ನರ್ ಗಾಜಿನ ಬಟ್ಟಲುಗಳ ಸಾಲಿನ ಮುಂದೆ ಕೂತರು. ಎಳವೆಯಲ್ಲೇ ಸಿಡುಬು ಅವರ ಕಣ್ಣು ಕಸಿದಿತ್ತು. ಆ ದಿನ ನುಡಿಸಿದ್ದು ಈ ಕಲಾವಿದೆಗಾಗಿಯೇ ಮೊಜಾರ್ಟ್ ಬರೆದುಕೊಟ್ಟ ರಚನೆ. ಜೊತೆಗೆ ಕೊಳಲು, ಓಬೋ, ವಿಯೋಲಾ, ಚೆಲ್ಲೊ. ಅದೇ ಡಿಸೆಂಬರ್‌ನಲ್ಲಿ ಮೊಜಾರ್ಟ್ ತೀರಿಕೊಂಡರು.

ಆ ವಾದ್ಯದ ಹೆಸರು ಗ್ಲಾಸ್ ಆರ್ಮೋನಿಕಾ. ಅದಕ್ಕೂ ಮುಂಚೆ ಯುರೋಪಿನಲ್ಲಿ ಲೋಟಗಳಿಗೆ ನೀರು ತುಂಬಿ ಶ್ರುತಿಗೂಡಿಸಿ ನುಡಿಸುವವರಿದ್ದರು. ಸಂಗೀತಗಾರ ಗ್ಲಕ್ 1746ರಲ್ಲಿ ಲಂಡನ್ನಿನಲ್ಲಿ 26 ಲೋಟಗಳನ್ನಿಟ್ಟು ಕಛೇರಿ ಕೊಟ್ಟಿದ್ದರು. ಇಂಥ ಲೋಟವಾದನ ಕೇಳಿ ಮನಸೋತ ಬೆಂಜಮಿನ್ ಫ್ರಾಂಕ್ಲಿನ್ 1761ರಲ್ಲಿ ನೀರನ್ನೇ ಕೈಬಿಟ್ಟರು. ಒಂದರೊಳಗೊಂದು ಕೂರುವ 37 ಬಟ್ಟಲುಗಳನ್ನು ಕಬ್ಬಿಣದ ಸರಳಿಗೆ ಅಡ್ಡಡ್ಡ ಪೋಣಿಸಿದರು. ಕಾಲಿನಿಂದ ಮೆಟ್ಟಿದರೆ ಸರಳು ತಿರುಗುತ್ತದೆ, ಒದ್ದೆ ಬೆರಳು ಅಂಚಿಗೆ ತಾಗಿದರೆ ಸಾಕು. ಒಂದೊಂದು ಬಟ್ಟಲೂ ಊದುವಾಗಲೇ ತನ್ನ ಸ್ವರಕ್ಕೆ ಹತ್ತಿರ ಬರಬೇಕು, ಉಳಿದದ್ದನ್ನು ಉಜ್ಜಿ ಸರಿಪಡಿಸಬೇಕು.

ನಮ್ಮ ಜಲತರಂಗ ಬಲ್ಲವರಿಗೆ ಇದರ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿ ಪಿಂಗಾಣಿಯನ್ನು ಕಡ್ಡಿಯಿಂದ ತಟ್ಟುತ್ತಾರೆ, ತಟ್ಟಿದೊಡನೆ ನಾದ ಇಳಿಯತೊಡಗುತ್ತದೆ. ಇಲ್ಲಿ ಬೆರಳು ಪಿಟೀಲಿನ ಕಮಾನಿನಂತೆ ಗಾಜನ್ನು ಹಿಡಿದು ಬಿಟ್ಟು, ಮತ್ತೆ ಹಿಡಿದು ಬಿಟ್ಟು ಮಿಡಿಸುತ್ತದೆ. ಬೆರಳಿರುವಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಅದು ಎಲ್ಲಿಂದ ಬರುತ್ತಿದೆಯೆಂದು ಕಿವಿಗೆ ಸುಲಭವಾಗಿ ಹೊಳೆಯುವುದಿಲ್ಲ.

ಬಹುಶಃ ಈ ಗುಣವೇ ಅದಕ್ಕೆ ಕೆಟ್ಟ ಹೆಸರು ತಂದಿತು. ಸಮ್ಮೋಹನ ಚಿಕಿತ್ಸೆಯ ಮೆಸ್ಮರ್ ಇದನ್ನು ರೋಗಿಗಳ ಕೋಣೆಯಲ್ಲಿ ನುಡಿಸುತ್ತಿದ್ದರು. ನರಗಳು ಕೆಡುತ್ತವೆ, ಹುಚ್ಚು ಹಿಡಿಯುತ್ತದೆ ಎಂಬ ಮಾತು ಹಬ್ಬಿತು. ಕಿರ್ಚ್‌ಗೆಸ್ನರ್ 1808ರಲ್ಲಿ, 39ರ ವಯಸ್ಸಿಗೆ ತೀರಿಕೊಂಡಾಗ ಅದನ್ನೂ ವಾದ್ಯದ ತಲೆಗೇ ಕಟ್ಟಿದರು. ಗಾಜಿನಲ್ಲಿದ್ದ ಸೀಸ ಬೆರಳಿಗಿಳಿದು ವಿಷವಾಯಿತೆಂದು ಆಮೇಲೆ ಹೇಳಿದವರೂ ಇದ್ದಾರೆ; ಅದಕ್ಕೆ ಪುರಾವೆಯಿಲ್ಲ. ಕಾಣದ ಕಣ್ಣಿನಿಂದ ಯುರೋಪ್ ಸುತ್ತಿ ನುಡಿಸಿದ ಕಲಾವಿದೆಯ ಸಾಧನೆಗಿಂತ ಅವರ ಸಾವಿನ ಗುಲ್ಲೇ ಹೆಚ್ಚು ಕಾಲ ಬಾಳಿತಲ್ಲ ಎಂದು ನನಗೆ ನೋವಾಗುತ್ತದೆ. ವಾದ್ಯ ಮರೆಯಾಗಲು ಕಾರಣ ಬೇರೆಯೇ ಇತ್ತೆಂದು ನಾನು ತಿಳಿದಿದ್ದೇನೆ. ಸಭಾಂಗಣಗಳು ದೊಡ್ಡದಾದವು, ವಾದ್ಯವೃಂದ ಬೆಳೆಯಿತು. ಈ ಮೆಲುದನಿ ಹಿಂದಿನ ಸಾಲಿಗೆ ಮುಟ್ಟಲಿಲ್ಲ. ಒಂದು ಬಟ್ಟಲು ಒಡೆದರೆ ಅದೇ ಸ್ವರದ ಇನ್ನೊಂದನ್ನು ಊದಿಕೊಡುವವರೂ ವಿರಳವಾದರು.

ಹಾಗಾಗಿ ಈ ಸಂಗೀತ ಮರಳಿದ್ದು ಗಾಜಿನವರ ಕೈಯಿಂದ. ಜರ್ಮನಿಯ ಬ್ರೂನೊ ಹಾಫ್‌ಮನ್ 20ನೆಯ ಶತಮಾನದಲ್ಲಿ, ಪೆಟ್ಟಿಗೆಯಲ್ಲಿ ನಿಲ್ಲಿಸಿದ ಲೋಟಗಳ ಮೇಲೆ ಮೊಜಾರ್ಟರ ಕೃತಿಯನ್ನು ಮತ್ತೆ ಕೇಳಿಸಿದರು. ಆದರೆ ಫ್ರಾಂಕ್ಲಿನ್ನರ ತಿರುಗುವ ವಾದ್ಯಕ್ಕೆ ಜೀವ ಬಂದದ್ದು 1980ರ ದಶಕದಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ವಾಲ್ಥಮ್‌ನಲ್ಲಿ. ಅಲ್ಲಿನ ಗಾಜು ಊದುವ ಕುಶಲಿ ಗೆರ್ಹಾರ್ಡ್ ಫಿಂಕನ್‌ಬೈನರ್ ಸೀಸವಿಲ್ಲದ ಶುದ್ಧ ಕ್ವಾರ್ಟ್ಜ್‌ನಿಂದ ಬಟ್ಟಲು ಮಾಡಿದರು. ಪಿಯಾನೋದ ಕಪ್ಪು ಮನೆಗಳಿಗೆ ಸಮನಾದ ಬಟ್ಟಲುಗಳ ಅಂಚಿಗೆ ಚಿನ್ನದ ಲೇಪ ಕೊಟ್ಟರು, ಕಣ್ಣಿಗೆ ಗುರುತು ಸಿಗಲೆಂದು. 1999ರ ಮೇ ತಿಂಗಳಲ್ಲಿ ತಮ್ಮ ಪುಟ್ಟ ವಿಮಾನದಲ್ಲಿ ಒಬ್ಬರೇ ಹೊರಟವರು ತಿರುಗಿ ಬರಲಿಲ್ಲ.

ಇಂದು ಈ ನಾದ ಕೇಳಬೇಕೆಂದರೆ ಫ್ರಾನ್ಸಿನ ತೊಮಾ ಬ್ಲಾಕ್, ಅಮೆರಿಕದ ಡೆನಿಸ್ ಜೇಮ್ಸ್, ವಿಯೆನ್ನಾದ ಶೋನ್‌ಫೆಲ್ಡಿಂಗರ್ ದಂಪತಿಯ ಧ್ವನಿಮುದ್ರಣಗಳನ್ನು ಹುಡುಕಬಹುದು. ಇನ್ನೊಂದು ದಾರಿ ಒಪೆರಾ, ಅಂದರೆ ಪಾಶ್ಚಾತ್ಯ ಸಂಗೀತ ನಾಟಕ. 1835ರ ‘ಲೂಚಿಯಾ ದಿ ಲಾಮರ್ಮೂರ್’ನಲ್ಲಿ ಮತಿಗೆಟ್ಟ ನಾಯಕಿಯ ಹಾಡಿಗೆ ಇಟಲಿಯ ಸಂಗೀತಗಾರ ದೊನಿಜೆಟ್ಟಿ ಮೊದಲು ಬರೆದದ್ದು ಆರ್ಮೋನಿಕಾವನ್ನೇ; ಆಮೇಲೆ ಆ ಸಾಲು ಹೊಡೆದುಹಾಕಿ ಕೊಳಲಿಗೆ ಕೊಟ್ಟರು. ಈಚಿನ ಹಲವು ಪ್ರದರ್ಶನಗಳಲ್ಲಿ ಕೊಳಲಿನವರು ಸುಮ್ಮನಿರುತ್ತಾರೆ. ಆ ಹಾಡಿನುದ್ದಕ್ಕೂ ಗಾಜು ನುಡಿಯುತ್ತದೆ.