ಬಳ್ಳಾರಿಯಲ್ಲಿ ಸೂಪರ್‌ಹೀರೊಗಳು ತೆಲುಗು ಕಲಿತದ್ದು ಹೇಗೆ?

ಮಾರ್ವೆಲ್ ಸ್ಟುಡಿಯೊದ 'ವಿಷನ್‌ಕ್ವೆಸ್ಟ್' ಸರಣಿ 2026ರಲ್ಲಿ ಡಿಸ್ನಿ ಪ್ಲಸ್‌ಗೆ ಬರಲಿದೆ. 2021ರ 'ವಾಂಡಾವಿಷನ್', 2024ರ 'ಅಗಾಥಾ ಆಲ್ ಅಲಾಂಗ್' ಆದಮೇಲೆ ಆ ಕಥೆಯ ಮೂರನೇ ಕೊಂಡಿ ಇದು. ಪಾಲ್ ಬೆಟ್ಟನಿ ಮತ್ತೆ ವಿಷನ್ ಎಂಬ ಯಂತ್ರಮಾನವ ಹೀರೊ ಆಗುತ್ತಾರೆ, ಜೇಮ್ಸ್ ಸ್ಪೇಡರ್ ಮತ್ತೆ ಅಲ್ಟ್ರಾನ್ ಎಂಬ ಯಂತ್ರ ಖಳ ಆಗುತ್ತಾರೆ. ಸರಣಿಯ ಹೊಣೆ ಟೆರ್ರಿ ಮಟಾಲಸ್ ಅವರದು. ಬಳ್ಳಾರಿಯಲ್ಲಿ ಕೂತು ಕಾಯುತ್ತಿರುವ ಅಭಿಮಾನಿಯಾಗಿ ನನಗೆ ಕುತೂಹಲವೂ ಇದೆ, ಒಂದು ತಕರಾರೂ ಇದೆ. ತಕರಾರು ಕಥೆಯ ಬಗ್ಗೆ ಅಲ್ಲ, ದನಿಯ ಬಗ್ಗೆ.

ಯಾಕೆಂದರೆ ವಿಷನ್ ಹುಟ್ಟಿದ್ದೇ ದನಿಯಾಗಿ. 2008ರ 'ಐರನ್ ಮ್ಯಾನ್'ನಲ್ಲಿ ಟೋನಿ ಸ್ಟಾರ್ಕ್‌ನ ಮನೆ ನೋಡಿಕೊಳ್ಳುವ ಕಂಪ್ಯೂಟರ್ ಜಾರ್ವಿಸ್ ಇದ್ದನಲ್ಲ, ಅವನಿಗೆ ಮುಖವೇ ಇರಲಿಲ್ಲ. ಬೆಟ್ಟನಿಯ ಮಾತು ಮಾತ್ರ ಕೇಳುತ್ತಿತ್ತು. 2015ರಲ್ಲಿ 'ಏಜ್ ಆಫ್ ಅಲ್ಟ್ರಾನ್' ಬಂದಮೇಲೆ ಆ ದನಿಗೆ ಕೆಂಪು ಮೈ ಸಿಕ್ಕಿತು. ಅಲ್ಟ್ರಾನ್ ಕೂಡ ಹಾಗೇ. ಲೋಹದ ಆ ರಕ್ಕಸನಿಗೆ ಜೀವ ಕೊಟ್ಟದ್ದು ಸ್ಪೇಡರ್‌ನ ಗಂಟಲು. ಇಬ್ಬರು ಹೀಗೆ ಎದುರುಬದುರಾಗುವ ಸರಣಿಯಲ್ಲಿ ಡಬ್ಬಿಂಗ್ ಕೆಟ್ಟರೆ ಉಳಿಯುವುದು ಗ್ರಾಫಿಕ್ಸ್ ಅಷ್ಟೆ.

ನಮ್ಮ ಊರಲ್ಲಿ ಈ ಪಾತ್ರಗಳು ವರ್ಷಗಟ್ಟಲೆ ಮಾತಾಡಿದ್ದು ತೆಲುಗಿನಲ್ಲಿ. ಸ್ಪೈಡರ್‌ಮ್ಯಾನ್, ಹಲ್ಕ್, ಥಾರ್, ಎಲ್ಲರೂ. ಬೆಂಗಳೂರಿನ ಗೆಳೆಯರಿಗೆ ಇದು ವಿಚಿತ್ರ ಅನ್ನಿಸುತ್ತದೆ. ನಮಗೆ ಅನ್ನಿಸುವುದಿಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮ ಬ್ರಿಟಿಷ್ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಇತ್ತು, ಅನಂತಪುರ, ಕಡಪವೂ ಇದ್ದವು. ತೆಲುಗು ಸಿನಿಮಾ ವ್ಯಾಪಾರದವರು ರಾಯಲಸೀಮೆಯನ್ನು ಈಗಲೂ 'ಸೀಡೆಡ್', ಅಂದರೆ ಬಿಟ್ಟುಕೊಟ್ಟದ್ದು, ಎಂದೇ ಕರೆಯುತ್ತಾರೆ. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದಲ್ಲಿದ್ದೆವು. ಆಂಧ್ರ ರಾಜ್ಯ ಹುಟ್ಟಿದ ದಿನ ಆಲೂರು, ಆದೋನಿ, ರಾಯದುರ್ಗ ಅತ್ತ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ನಕ್ಷೆಯಲ್ಲಿ ಗೆರೆ ಎಳೆದರೆ ಜನರ ನಾಲಿಗೆ ಬದಲಾಗುತ್ತದಾ? ನಾಟಕ ಕಲಾವಿದ ಬಳ್ಳಾರಿ ರಾಘವ ಅವರ ಕಾಲದಿಂದಲೂ ಇಲ್ಲಿನ ರಂಗದ ಮೇಲೆ ಎರಡೂ ಭಾಷೆ ನಡೆದಿವೆ. ಹಾಗಾಗಿ ತೆಲುಗು ಸಿನಿಮಾ ಇಲ್ಲಿನ ಥಿಯೇಟರುಗಳಿಗೆ ಮೊದಲ ದಿನವೇ ಬರುವುದು ಮಾಮೂಲು. ಅದೇ ದಾರಿಯಲ್ಲಿ ತೆಲುಗು ಡಬ್ಬಿಂಗಿನ ಹಾಲಿವುಡ್ಡೂ ಬಂತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿನ ನನ್ನ ಗೆಳೆಯರಲ್ಲಿ ಹಿಂದಿ ಡಬ್ಬಿಂಗ್ ನೋಡುವವರೇ ಜಾಸ್ತಿ.

ಸರಿ, ಕನ್ನಡ ಎಲ್ಲಿ ಹೋಗಿತ್ತು? 2007ರಲ್ಲಿ 'ಸ್ಪೈಡರ್‌ಮ್ಯಾನ್ 3' ಭಾರತಕ್ಕೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನ ಜೊತೆ ಭೋಜಪುರಿಯಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ. ತಡೆದದ್ದು ಹಾಲಿವುಡ್ ಅಲ್ಲ. 1960ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ಅನಕೃ ಅವರಂಥ ಸಾಹಿತಿಗಳು, ರಾಜ್‌ಕುಮಾರ್ ಅವರಂಥ ಕಲಾವಿದರು ದನಿ ಎತ್ತಿದರು. ಆಗ ಅದರಲ್ಲಿ ನ್ಯಾಯವಿತ್ತು. ಕನ್ನಡ ಚಿತ್ರಗಳು ಕಡಿಮೆ, ಕೆಲಸವೆಲ್ಲ ಮದ್ರಾಸಿನಲ್ಲಿ. ಡಬ್ಬಿಂಗ್ ಬಿಟ್ಟುಕೊಂಡಿದ್ದರೆ ನಮ್ಮ ಉದ್ಯಮ ಮೇಲೇಳುವುದೇ ಕಷ್ಟವಿತ್ತು. ಆದರೆ ಉದ್ಯಮ ಬೆಳೆದು ನಿಂತಮೇಲೂ ಆ ಬೇಲಿ ಹಾಗೇ ಉಳಿಯಿತು. ಕಾನೂನೇನೂ ಇರಲಿಲ್ಲ, ಚಿತ್ರರಂಗದ ಕಟ್ಟಳೆ ಅಷ್ಟೆ. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ' ಕೂಡ ನಮ್ಮ ಟಿವಿಗಳಲ್ಲಿ ಕನ್ನಡದಲ್ಲಿ ಬರಲಾಗಲಿಲ್ಲ.

ಬೇಲಿ ಮುರಿದದ್ದು ನೋಡುಗರ ದೂರಿನಿಂದ. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ಹೋಯಿತು. 2015ರ ಜುಲೈನಲ್ಲಿ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ಇತರ ಕೆಲವು ಸಂಸ್ಥೆಗಳಿಗೂ ಡಬ್ಬಿಂಗ್ ತಡೆದದ್ದಕ್ಕೆ ದಂಡ ಹಾಕಿತು. 2017ರಲ್ಲಿ ಡಬ್ಬಿಂಗ್ ಚಿತ್ರ ತೆರೆಗೆ ಬಂತಾದರೂ ಥಿಯೇಟರ್ ಸಿಗುವುದೇ ಕಷ್ಟವಾಯಿತು. ನಿಜವಾಗಿ ಮನೆಮನೆಗೆ ಮುಟ್ಟಿದ್ದು 2020ರ ಲಾಕ್‌ಡೌನಿನಲ್ಲಿ, ಸ್ಟಾರ್ ಸುವರ್ಣದ 'ಮಹಾಭಾರತ'ದಿಂದ. ಆಮೇಲೆ ಬೇಗಬೇಗ ಆಯಿತು. 2022ರಲ್ಲಿ 'ರಿಂಗ್ಸ್ ಆಫ್ ಪವರ್' ಸರಣಿ ಕನ್ನಡದಲ್ಲಿ ಬಂತು, ಅದೇ ಡಿಸೆಂಬರಿನಲ್ಲಿ 'ಅವತಾರ್'ನ ಎರಡನೇ ಭಾಗ ಬಂತು. 2023ರಲ್ಲಿ ಅನಿಮೇಷನ್ ಸ್ಪೈಡರ್‌ಮ್ಯಾನ್ ಕೂಡ ಕನ್ನಡ ಮಾತಾಡಿದ.

ವಿಚಿತ್ರ ನೋಡಿ, ನಮಗೆ ಬಾಗಿಲು ತೆರೆಯುವ ಹೊತ್ತಿಗೆ ಮಾರ್ವೆಲ್ ಅಂಗಡಿಯಲ್ಲಿ ಸರಕು ಮಿತಿಮೀರಿತ್ತು. 2021 ಒಂದೇ ವರ್ಷದಲ್ಲಿ ಅನಿಮೇಷನ್ ಸೇರಿ ಐದು ಸರಣಿ. ಒಂದು ಅರ್ಥವಾಗಲು ಇನ್ನೊಂದು ನೋಡಿರಬೇಕು. ಮನರಂಜನೆ ಹೋಗಿ ಹೋಂವರ್ಕ್ ಆಯಿತು. 2024ರ ಮೇ ತಿಂಗಳಲ್ಲಿ ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್ ಅವರೇ ಇನ್ನು ವರ್ಷಕ್ಕೆ ಎರಡು ಸರಣಿ ಸಾಕು ಅಂದರು. ಒಳ್ಳೆಯದೇ ಆಯಿತು.

'ವಾಂಡಾವಿಷನ್' ಕೊನೆಯ ಕಂತು ನೆನಪಿದೆಯಾ? ಅಲ್ಲಿ ಒಬ್ಬ ವಿಷನ್ ಮಾಟಗಾತಿ ವಾಂಡಾಳ ಮಾಯೆಯಿಂದ ಹುಟ್ಟಿದವನು, ಇನ್ನೊಬ್ಬ ಸತ್ತ ವಿಷನ್‌ನ ಮೈಯಿಂದ ಮತ್ತೆ ಕಟ್ಟಿದ ಬಿಳಿ ವಿಷನ್. ಇಬ್ಬರು ವಿಷನ್‌ಗಳು ಹೊಡೆದಾಟ ನಿಲ್ಲಿಸಿ ಒಂದು ಹಡಗಿನ ಬಗ್ಗೆ ವಾದ ಮಾಡುತ್ತಾರೆ. ಹಡಗಿನ ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಿದರೆ ಅದು ಅದೇ ಹಡಗಾ, ಬೇರೆಯದಾ? ಆಮೇಲೆ ಬಿಳಿ ವಿಷನ್ ಹಳೆಯ ನೆನಪು ಹೊತ್ತು ಹಾರಿಹೋಗುತ್ತಾನೆ. ಹೊಸ ಸರಣಿ ಹೊರಡಬೇಕಾದದ್ದು ಅಲ್ಲಿಂದಲೇ. ನೆನಪಿದೆ, ಆದರೆ ಅದು ತನ್ನದು ಅನ್ನಿಸುತ್ತಿಲ್ಲ. ಇಷ್ಟೇ ಸಾಕು, ಹೊಸ ಐದು ಹೀರೊಗಳನ್ನು ಪರಿಚಯಿಸುವ ಗದ್ದಲ ಬೇಡ. ನಾನ್ಯಾರು ಎಂದು ಕೇಳಿಕೊಳ್ಳುವ ಮಾತು ಭಜನೆಯಲ್ಲಿ ತತ್ವಪದ ಕೇಳಿ ಬೆಳೆದವರಿಗೆ ಹೊಸದೂ ಅಲ್ಲ, ಕಷ್ಟವೂ ಅಲ್ಲ. ಕನ್ನಡದಲ್ಲಿ ಆ ಮಾತಿಗೆ ಭಾಷೆ ಸಿದ್ಧವಾಗಿಯೇ ಇದೆ.

ಡಬ್ಬಿಂಗ್ ಮಾಡುವವರು ಅದನ್ನು ಬಳಸಿದರೆ ಸಾಕು. ಈಗಿನ ಕನ್ನಡ ಡಬ್ಬಿಂಗಿನಲ್ಲಿ ಎಲ್ಲರೂ ವಾರ್ತೆ ಓದುವವರ ಹಾಗೆ ಮಾತಾಡುತ್ತಾರೆ. ವಿಷನ್‌ಗೆ ಅದು ಸ್ವಲ್ಪ ಹೊಂದಬಹುದು, ಯಂತ್ರ ತಾನೆ. ಅಲ್ಟ್ರಾನ್‌ಗೆ ಖಂಡಿತ ಹೊಂದುವುದಿಲ್ಲ. ಅವನಿಗೆ ಬೇಕಿರುವುದು ವ್ಯಂಗ್ಯ, ಗತ್ತು. ನಮ್ಮ ಕಡೆ ಬಯಲಾಟದಲ್ಲಿ ಖಳನ ಪಾತ್ರ ಕಟ್ಟಿದ ಒಬ್ಬರನ್ನು ಮೈಕಿನ ಮುಂದೆ ನಿಲ್ಲಿಸಿ ನೋಡಲಿ.

ಇನ್ನೊಂದು, ಕನ್ನಡ ಆಡಿಯೊ ಮೊದಲ ದಿನವೇ ಇರಬೇಕು. ತಿಂಗಳು ಬಿಟ್ಟು ಸೇರಿಸಿದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ಬಳ್ಳಾರಿಯ ಹುಡುಗರು ತೆಲುಗಿನಲ್ಲಿ ನೋಡಿ ಮುಗಿಸಿ, ಕ್ಲೈಮ್ಯಾಕ್ಸನ್ನೂ ಹೇಳಿಬಿಟ್ಟಿರುತ್ತಾರೆ.